ಹುಲ್ಲಿನ ಮೇಲೆ ಕ್ಲೆಮೆಂಟಿನಾ ಬಾಯಿ

ಮಸ್ಕತ್ತಿನ ರೂವಿಯಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನೀರಿನ ಪಂಪು ತರಿಸಿ ಮಾರುವ ಒಂದು ಕಂಪನಿಯಿತ್ತು. ಅಲ್ಲಿ ಟೆಲೆಕ್ಸ್ ಯಂತ್ರದ ಮುಂದೆ ಕೂತು ದೇಶವಿದೇಶಗಳಿಗೆ ಸಂದೇಶ ಕಳಿಸುವ ಕೆಲಸ ಕ್ಲೆಮೆಂಟಿನಾ ಡಿಸಾಳದು. ಊರು ಉಡುಪಿ ಕಡೆಯ ಶಿರ್ವ. ಗಂಡ ಸಿರಿಲ್ ಅದೇ ಬೀದಿಯಲ್ಲಿ ಹಣ ಬದಲಿಸುವ ಎಕ್ಸ್‌ಚೇಂಜಿನಲ್ಲಿ ಕ್ಲಾರ್ಕು. ಮಕ್ಕಳಿಬ್ಬರೂ ಮಂಗಳೂರಿನ ಬೋರ್ಡಿಂಗಿನಲ್ಲಿ. ಹೊರಗಿನಿಂದ ನೋಡಿದರೆ ಗಲ್ಫಿನ ನೂರಾರು ಕೊಂಕಣಿ ಸಂಸಾರಗಳಲ್ಲಿ ಇದೂ ಒಂದು. ಕ್ಲೆಮೆಂಟಿನಾಗೆ ಮಾತು ಕಡಿಮೆ. ಅವಳು ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದು ತಿಳಿದವರು ಒಂದಲ್ಲ ಒಂದು ದಿನ ಬೆಪ್ಪಾಗುತ್ತಿದ್ದರು. ಆ ಆಫೀಸಿನಲ್ಲಿ ಹಾಗೆ ಬೆಪ್ಪಾಗದೆ ಉಳಿದವರು ಕಡಿಮೆ.

ಇಂಥವಳಿಗೆ ಗಾಲ್ಫಿನ ಹುಚ್ಚು ಹೇಗೆ ಹಿಡಿಯಿತು ಎಂದು ಯಾರಾದರೂ ಕೇಳಿದರೆ ಸಿರಿಲ್ ಮಾಡಿನ ಫ್ಯಾನು ನೋಡುತ್ತಿದ್ದ. ತಪ್ಪೆಲ್ಲ ಮ್ಯಾನೇಜರ್ ಹಾರ್ಗ್ರೀವ್ಸ್‌ನದು. ಇಂಗ್ಲೆಂಡಿನಿಂದ ಬಂದ ಆ ಮನುಷ್ಯ ಶುಕ್ರವಾರ ಬೆಳಿಗ್ಗೆ ಕಂಪನಿಯವರಿಗೆಂದು ಗಾಲ್ಫ್ ಆಟ ಶುರು ಮಾಡಿದ. ಅಂಕ ಬರೆದುಕೊಳ್ಳಲು ಒಬ್ಬರು ಬೇಕಾಗಿತ್ತು. ಆಟಗಾರರು ತಾವೇ ಬರೆದುಕೊಂಡರೆ ಲೆಕ್ಕ ಸ್ವಲ್ಪ ಉದಾರವಾಗುತ್ತದೆ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಹಾಗೆ ಪೆನ್ಸಿಲು ಹಿಡಿದು ಕ್ಲೆಮೆಂಟಿನಾ ಬಿಸಿಲಿಗೆ ಇಳಿದಳು.

ಗಾಲ್ಫ್ ಎಂದರೆ ಹಸಿರು ಎಂದು ತಿಳಿದವರು ಆ ಕಾಲದ ಮಸ್ಕತ್ತಿನ ಗಾಲ್ಫ್ ನೋಡಬೇಕಿತ್ತು. ಬೋಳು ಬೆಟ್ಟಗಳ ನಡುವೆ ಒಂದು ವಾದಿ, ಎಂದರೆ ಮಳೆ ಬಂದರಷ್ಟೆ ನೀರು ಹರಿಯುವ ಒಣ ಹಳ್ಳ. ಅದರಲ್ಲಿ ಕಲ್ಲು ಹೆಕ್ಕಿ ಸಾಪುಗೊಳಿಸಿದ ಮರಳು. ಚೆಂಡು ಬೀಳಿಸಬೇಕಾದ ಕುಳಿಯ ಸುತ್ತ ಮರಳು ಹಾರದ ಹಾಗೆ ಎಣ್ಣೆ ಕಲಸಿ ಒತ್ತಿರುತ್ತಿದ್ದರು. ಬೇರೆ ಊರಿನಲ್ಲಿ ಅದಕ್ಕೆ ಗ್ರೀನ್ ಎನ್ನುತ್ತಾರಂತೆ, ಇಲ್ಲಿ ಬ್ರೌನ್. ಪ್ರತಿಯೊಬ್ಬರ ಚೀಲದಲ್ಲೂ ಪ್ಲಾಸ್ಟಿಕ್ ಹುಲ್ಲಿನ ಒಂದು ತುಂಡು ಚಾಪೆ. ಚೆಂಡು ಎಲ್ಲಿ ಬಿತ್ತೋ ಅಲ್ಲಿ ಚಾಪೆ ಹಾಸಿ, ಚೆಂಡನ್ನು ಅದರ ಮೇಲಿಟ್ಟು ಹೊಡೆಯಬೇಕು. ಒಂದು ಕುಳಿ ಮುಗಿದ ಮೇಲೆ ನಮ್ಮದೇ ಹೆಜ್ಜೆ ಗುರುತುಗಳನ್ನು ಪೊರಕೆಯಿಂದ ಗುಡಿಸಿ, ಹಿಂದೆ ಬರುವವರಿಗೆ ನುಣ್ಣಗೆ ಬಿಟ್ಟು ಹೋಗಬೇಕು. ಆಡುಗಳು ನಡುವೆ ದಾಟುತ್ತಿದ್ದವು. ಅವು ದಾಟಿ ಮುಗಿಯುವ ತನಕ ಸಾಹೇಬರೂ ಕಾಯುತ್ತಿದ್ದರು.

ಒಂದು ಶುಕ್ರವಾರ ಆಟಗಾರರೆಲ್ಲ ಕಳೆದುಹೋದ ಚೆಂಡಿಗಾಗಿ ಕಲ್ಲುಗಳ ಸಂದಿಯಲ್ಲಿ ಇಣುಕುತ್ತಿದ್ದಾಗ, ಕ್ಲೆಮೆಂಟಿನಾ ಯಾರದೋ ಕೋಲು ತೆಗೆದುಕೊಂಡು ಒಂದು ಹೊಡೆದಳು. ಶಿರ್ವದ ಕೊಯ್ಲಾದ ಗದ್ದೆಯಲ್ಲಿ ಅಣ್ಣಂದಿರ ಜೊತೆ ಚಿನ್ನಿದಾಂಡು ಆಡಿ ಪಳಗಿದ ಕೈ. ಚೆಂಡು ದಾರ ಎಳೆದ ಹಾಗೆ ನೆಟ್ಟಗೆ ಹೋಗಿ ಬಿತ್ತು. ಗಂಡಸರು ಸ್ವಲ್ಪ ಹೊತ್ತು ಚೆಂಡನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಬಂದು, ಅವಳು ಕೋಲು ಹಿಡಿದ ರೀತಿಯಲ್ಲಿ ಏನೇನು ತಪ್ಪಿದೆ ಎಂದು ವಿವರಿಸಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಮುಂದಿನ ವಾರದಿಂದ ಪೆನ್ಸಿಲನ್ನು ಬೇರೆಯವರ ಕೈಗೆ ಕೊಟ್ಟಳು.

ಆಮೇಲೆ ವರ್ಷಗಟ್ಟಲೆ ಅದೇ ನಡೆಯಿತು. ಶುಕ್ರವಾರ ಬೆಳಕು ಹರಿಯುವಾಗ ಗಾಲ್ಫ್, ಅಲ್ಲಿಂದ ನೇರ ರೂವಿಯ ಇಗರ್ಜಿಗೆ ಪೂಜೆಗೆ. ಗಲ್ಫಿನಲ್ಲಿ ನಮ್ಮವರಿಗೆ ಶುಕ್ರವಾರವೇ ಭಾನುವಾರ. ಅವಳ ಬೂಟಿನಿಂದ ಇಗರ್ಜಿಯ ನೆಲಕ್ಕೆ ಮರಳು ಉದುರುತ್ತಿತ್ತು, ಪಕ್ಕದ ಹೆಂಗಸರು ಮೂಗು ಮುರಿಯುತ್ತಿದ್ದರು. ಬಿರಿಯಾನಿ ಮಾಡುವ ಹೊತ್ತಿನಲ್ಲಿ ಬಿಸಿಲಲ್ಲಿ ಚೆಂಡು ಅಟ್ಟುವ ಹೆಂಗಸನ್ನು ಅವರು ಹಿಂದೆ ಕಂಡಿರಲಿಲ್ಲ. ಮೂಗು ಅವರದ್ದು, ಮುರಿದುಕೊಳ್ಳಲಿ ಎಂದು ಇವಳು ಬಿಟ್ಟಳು.

ಎಂಬತ್ತೇಳರ ಚಳಿಗಾಲದಲ್ಲಿ ಹಾರ್ಗ್ರೀವ್ಸ್ ಒಂದು ಸುದ್ದಿ ತಂದ. ಅವನ ಊರಿನಲ್ಲಿ ವಿದರ್‌ಕೂಮ್ ಪಾರ್ಕ್ ಎಂಬ ಹಳೆಯ ಗಾಲ್ಫ್ ಕ್ಲಬ್ಬು. ಹಿಂದೆ ಯಾವನೋ ಜಮೀನ್ದಾರನ ತೋಟವಾಗಿತ್ತಂತೆ: ದೊಡ್ಡ ದೊಡ್ಡ ಓಕ್ ಮರಗಳು, ಕೊಳ, ಕಣ್ಣು ಹೋದಷ್ಟು ದೂರ ಹುಲ್ಲು. ಆ ಕ್ಲಬ್ಬಿನ ನಾಲ್ವರ ಜೊತೆ ನಮ್ಮ ನಾಲ್ವರು ಬರುವ ಜೂನಿನಲ್ಲಿ ಆಡುವುದು. ಒಬ್ಬರಿಗೊಬ್ಬರು ಎದುರಾಳಿ, ಹೆಚ್ಚು ಕುಳಿ ಗೆದ್ದವರಿಗೆ ಗೆಲುವು, ಒಟ್ಟು ನಾಲ್ಕು ಆಟ. ವರ್ಷಾಂತ್ಯದ ಅಂಕಪಟ್ಟಿಯಲ್ಲಿ ಮೊದಲ ನಾಲ್ಕು ಯಾರೋ ಅವರೇ ತಂಡ. ಪ್ರಯಾಣ ಅವರವರ ರಜೆಯ ಟಿಕೆಟಿನಲ್ಲಿ.

ಪಟ್ಟಿ ಗೋಡೆಗೆ ಬಂತು. ಹಾರ್ಗ್ರೀವ್ಸ್ ಮೊದಲು, ಒಬ್ಬ ಸ್ಕಾಟ್ಲೆಂಡಿನ ಇಂಜಿನಿಯರ್ ಎರಡನೆಯವ, ಗೋದಾಮಿನ ಲಿಗೋರಿ ಮೂರನೆಯವ. ನಾಲ್ಕನೆಯದು ಕ್ಲೆಮೆಂಟಿನಾ. ಐದನೆಯದು ಬಾಸಿಲ್ ಪಿಂಟೋ, ಅಕೌಂಟ್ಸಿನ ಮುಖ್ಯಸ್ಥ, ಆಟದ ಬಳಗದ ಕಾರ್ಯದರ್ಶಿ. ಪಟ್ಟಿ ಬರುವ ಮೊದಲೇ ಕಡುನೀಲಿ ಬ್ಲೇಜರ್ ಹೊಲಿಸಿಕೊಂಡಿದ್ದ. ಪಾಪ, ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ, ಕೆಳಗಿಂದ ಮೇಲೆ ಓದಿದ. ಎರಡು ಸಲವೂ ಐದನೆಯವನೇ ಆಗಿದ್ದ.

ಕ್ಲೆಮೆಂಟಿನಾ ಮನೆಗೆ ಹೋಗಿ ಸಿರಿಲ್‌ಗೆ ಹೇಳಿದಳು.

"ಈ ಸಲದ ರಜೆ ಊರಿಗಲ್ಲ. ಇಂಗ್ಲೆಂಡಿಗೆ."

ಸಿರಿಲ್ ಮೀನಿನ ಮುಳ್ಳು ಬಿಡಿಸುತ್ತಿದ್ದವನು ಕೈ ನಿಲ್ಲಿಸಿದ. "ಊರಿನವರಿಗೆ ಎಂತ ಹೇಳುವುದು ಕ್ಲೆಮಿ? ಎರಡು ವರ್ಷಕ್ಕೊಮ್ಮೆ ಹೋಗುವುದು. ಮಕ್ಕಳು ಕಾಯ್ತಾ ಇರ್ತಾರೆ."

"ಮಕ್ಕಳು ಕ್ರಿಸ್ಮಸ್ಸಿಗೆ ಇಲ್ಲಿಗೆ ಬರ್ಲಿ. ನಾನು ಹುಲ್ಲಿನ ಮೇಲೆ ಒಂದು ಸಲ ಆಡ್ಬೇಕು ಸಿರಿಲ್. ಇಷ್ಟು ವರ್ಷ ಪ್ಲಾಸ್ಟಿಕ್ ಚಾಪೆಯಲ್ಲಿ ಆಡಿದ್ದೇನೆ. ನನ್ನ ಅಂಕದಿಂದ ಸಿಕ್ಕಿದ್ದು, ಯಾರೂ ಕೊಟ್ಟದ್ದಲ್ಲ."

ಅವಳು ಏನನ್ನಾದರೂ 'ಬೇಕು' ಎಂದದ್ದನ್ನು ಸಿರಿಲ್ ಮದುವೆಯಾದ ಮೇಲೆ ಕೇಳಿದ್ದು ಕಡಿಮೆ. ಅವನು ಮತ್ತೆ ಮುಳ್ಳು ಬಿಡಿಸತೊಡಗಿದ. ಊಟ ಮುಗಿದ ಮೇಲೆ, ಆ ಊರಲ್ಲಿ ಜೂನಿನಲ್ಲೂ ಸ್ವೆಟರ್ ಬೇಕಾಗ್ತದಂತೆ, ಎರಡು ತೆಗೊಳ್ಳುವ ಎಂದ.

ಹುಲ್ಲಿನ ಮೇಲೆ ಆಡಬೇಕೆಂದರೆ ಹುಲ್ಲು ಹೇಗಿರುತ್ತದೆಂದು ತಿಳಿಯಬೇಕಲ್ಲ. ಮಸ್ಕತ್ತಿನಲ್ಲಿ ಹುಲ್ಲು ಇದ್ದದ್ದು ರಸ್ತೆಯ ವೃತ್ತಗಳಲ್ಲಿ ಮತ್ತು ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ. ಒಂದು ಮಧ್ಯಾಹ್ನ ಊರೆಲ್ಲ ಮಲಗಿದ್ದಾಗ ಅವಳು ಟ್ಯಾಕ್ಸಿಯಿಂದ ಇಳಿದು, ಒಂದು ವೃತ್ತದ ನಡುವೆ ಹೋಗಿ, ಕೋಲು ಬೀಸಿದಳು. ಚಾಪೆಯ ಮೇಲೆ ಕೋಲು ಜಾರಿ ಹೋಗುತ್ತದೆ, ಹುಲ್ಲಿನಲ್ಲಿ ನಾಟಿಕೊಳ್ಳುತ್ತದೆ. ಚೆಂಡು ಇದ್ದಲ್ಲೇ ಉಳಿಯಿತು. ಅಂಗೈಯಗಲದ ಹುಲ್ಲು ಮಣ್ಣುಸಮೇತ ಕಿತ್ತು ಹಾರಿತು. ಅದು ಹೋಗಿ ಬಿದ್ದದ್ದು ನೀರಿನ ಪೈಪು ಹಿಡಿದು ಬರುತ್ತಿದ್ದ ಒಬ್ಬ ಮನುಷ್ಯನ ಕಾಲಬುಡದಲ್ಲಿ.

ಅವನು ಆ ತುಂಡನ್ನು ಎತ್ತಿ ನೋಡಿದ, ಅವಳನ್ನು ನೋಡಿದ. ಹಿಂದಿಯಲ್ಲಿ ಬೈಯಲು ಬಾಯಿ ತೆರೆದವನು ಕುತ್ತಿಗೆಯ ಶಿಲುಬೆ ಕಂಡು, ಊರು ಯಾವುದು ಎಂದ. ಉಡುಪಿ ಎಂದಾಗ ಅವನ ಕನ್ನಡ ಹೊರಬಂತು.

"ಎಂತ ಬಾಯಮ್ಮ ಇದು? ಈ ಹುಲ್ಲಿಗೆ ಮಗುವಿಗೆ ಹಾಲು ಕುಡಿಸಿದ ಹಾಗೆ ನೀರು ಕುಡಿಸ್ತಾ ಇದ್ದೇನೆ ನಾನು. ಬಲದಿಯಾದವರು ನೋಡಿದ್ರೆ ನನ್ನ ಕೆಲಸ ಖಲಾಸ್."

ಅವನ ಹೆಸರು ಕುಂಞಾಲಿ, ಉಪ್ಪಿನಂಗಡಿಯ ಬ್ಯಾರಿ. ಬಲದಿಯಾ ಎಂದರೆ ಅಲ್ಲಿಯ ಮುನ್ಸಿಪಾಲಿಟಿ; ಅದರ ತೋಟದ ಗುತ್ತಿಗೆಯಲ್ಲಿ ಅವನಿಗೆ ಕೆಲಸ. ಕ್ಲೆಮೆಂಟಿನಾ ತಪ್ಪಾಯಿತು ಎಂದಳು. ಆದರೆ ಹೋಗಲಿಲ್ಲ. ಇಂಗ್ಲೆಂಡಿನ ಆಟದ ವಿಷಯ ಪೂರ್ತಿ ಹೇಳಿ, ಇಂಥ ಹುಲ್ಲಿನ ಮೇಲೆ ಹೊಡೆಯುವುದನ್ನು ಎಲ್ಲಿಯಾದರೂ ಕಲಿಯಲೇಬೇಕು, ನೀವೇ ಒಂದು ಜಾಗ ಹೇಳಿ ಎಂದು ಅವನಿಗೇ ಗಂಟುಬಿದ್ದಳು.

ಕುಂಞಾಲಿ ತಲೆ ಕೆರೆದುಕೊಂಡ. "ಹುಲ್ಲು ಕಿತ್ತು ಹಾಕುವ ಆಟಕ್ಕೆ ಇಂಗ್ಲೆಂಡಿಗೆ ಹೋಗುವುದಾ? ಆಗ್ಲಿ. ಅಲ್ ಮಬೇಲಾದಲ್ಲಿ ನಮ್ಮ ನರ್ಸರಿ ಉಂಟು. ಹುಲ್ಲು ಬೆಳೆಸಿ, ಚಾಪೆ ಸುರುಳಿ ಸುತ್ತಿದ ಹಾಗೆ ಕೊಯ್ದು ತರುವುದು. ಕೊಯ್ದ ಮೇಲೆ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಉಳೀತದೆ, ಅದು ಬಿಸಾಡ್ಲಿಕ್ಕೇ. ಅದರ ಮೇಲೆ ಬೇಕಾದಷ್ಟು ಹೊಡೀರಿ. ಬಸಳೆ ಚಪ್ಪರದ ಕಡೆಗೆ ಮಾತ್ರ ಹೊಡೀಬೇಡಿ, ಅದು ನನ್ನ ಸ್ವಂತದ್ದು."

ಆ ಚಳಿಗಾಲವೆಲ್ಲ ಗುರುವಾರ ಸಂಜೆ ಸಿರಿಲ್ ಅವಳನ್ನು ಮಬೇಲಾಕ್ಕೆ ಕರೆದುಕೊಂಡು ಹೋದ. ಅವಳು ಹುಲ್ಲಿನ ಅಂಚುಗಳನ್ನು ಚಿಂದಿ ಮಾಡಿದಳು. ಸಿರಿಲ್ ಮತ್ತು ಕುಂಞಾಲಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿದು, ಊರಿನ ಮಳೆಯ ಬಗ್ಗೆ ಮಾತಾಡಿದರು. ಬೇಸಿಗೆ ಬರುವ ಹೊತ್ತಿಗೆ ಅವಳು ಹೊಡೆದರೆ ಚೆಂಡು ಮೊದಲು ಏಳುತ್ತಿತ್ತು, ಹುಲ್ಲು ಆಮೇಲೆ. ಹಾಗೆಯೇ ಆಗಬೇಕಾದದ್ದು ಅದು. ಬಸಳೆ ಚಪ್ಪರಕ್ಕೆ ಎರಡು ಮೂರು ಸಲ ಏಟು ಬಿದ್ದದ್ದನ್ನು ಕುಂಞಾಲಿ ದೊಡ್ಡದು ಮಾಡಲಿಲ್ಲ.

ಅತ್ತ ಆಫೀಸಿನಲ್ಲಿ ಟೆಲೆಕ್ಸುಗಳು ಓಡಾಡುತ್ತಿದ್ದವು. ತಂಡದ ಹೆಸರುಗಳನ್ನು ಬಾಸಿಲ್ ಬರೆದುಕೊಟ್ಟಿದ್ದ, ಅವಳು ಕಳಿಸಿದ್ದಳು. ಟೆಲೆಕ್ಸಿನಲ್ಲಿ ಉದ್ದ ಬರೆದಷ್ಟು ಖರ್ಚು, ಹಾಗಾಗಿ ಎಲ್ಲರದೂ ಮೊದಲ ಅಕ್ಷರ ಮತ್ತು ಅಡ್ಡಹೆಸರು ಅಷ್ಟೆ. ಅವಳದು ಸಿ. ಡಿಸಾ. ಅದಕ್ಕೆ ವಿದರ್‌ಕೂಮಿನಿಂದ ಉತ್ತರ ಬಂತು: ಆಟ ಶನಿವಾರ ಬೆಳಿಗ್ಗೆ, ಮರುಭೂಮಿಯ ನಾಲ್ವರು ಮಹನೀಯರನ್ನು ಎದುರುನೋಡುತ್ತಿದ್ದೇವೆ.

ಕ್ಲೆಮೆಂಟಿನಾ ಆ ಸಾಲನ್ನು ಯಂತ್ರದಿಂದ ಹರಿದು ಎರಡು ಸಲ ಓದಿದಳು. ಅವರು ಅವಳನ್ನು ಗಂಡಸೆಂದು ತಿಳಿದಿದ್ದರು. ಮನೆಯಲ್ಲಿ ಹೇಳಿದಾಗ ಸಿರಿಲ್‌ಗೆ ನಗು ಬಂತು.

"ನೀನು ಸುಮ್ಮನೆ ಇರು. ಸಿ. ಡಿಸಾ ಅಂದ್ರೆ ನಾನೂ ಆಗ್ತದೆ. ಅಲ್ಲಿ ಹೋಗಿ ನಿಂತ ಮೇಲೆ ವಾಪಸ್ ಕಳಿಸ್ತಾರಾ?"

"ಕಳ್ಳಿಯ ಹಾಗೆ ಹೋಗುವುದಾ? ನಾನು ಎಂತ ಕದ್ದಿದ್ದೇನೆ?"

ಮರುದಿನ ಹಾರ್ಗ್ರೀವ್ಸ್ ತಂಡವನ್ನು ಖಚಿತಪಡಿಸುವ ಟೆಲೆಕ್ಸ್ ಕಳಿಸಲು ಹೇಳಿದಾಗ ಅವಳು ನಾಲ್ವರ ಹೆಸರನ್ನೂ ಪೂರ್ತಿ ಬರೆದಳು. ನಾಲ್ಕನೆಯದು, ಮಿಸೆಸ್ ಕ್ಲೆಮೆಂಟಿನಾ ಡಿಸಾ. ಪ್ರತಿಯನ್ನು ಅವನ ಮೇಜಿನ ಮೇಲೆ ಎದುರಿಗೇ ಇಟ್ಟಳು. ಅವನು ನೋಡಿ ಸಹಿ ಹಾಕಿದ. ಅವನಿಗೂ ಆ ವಿಷಯ ಹೊಳೆದಿರಲಿಲ್ಲವೋ, ಹೊಳೆದರೂ ಹೊಳೆಯದ ಹಾಗೆ ಇದ್ದನೋ, ದೇವರಿಗೇ ಗೊತ್ತು.

ಉತ್ತರ ಬರಲು ಒಂದು ವಾರ ಹಿಡಿಯಿತು. ಭಾಷೆ ಬಹಳ ನಯವಾಗಿತ್ತು. ಶನಿವಾರ ಮಧ್ಯಾಹ್ನ ಹನ್ನೆರಡರ ಮೊದಲು ಹೆಂಗಸರು ಆಟದ ಮೈದಾನಕ್ಕೆ ಇಳಿಯುವಂತಿಲ್ಲ, ಇದು ಕ್ಲಬ್ಬಿನ ಹಳೆಯ ನಿಯಮ, ವಿಷಾದಿಸುತ್ತೇವೆ. ಮಿಸೆಸ್ ಡಿಸಾ ನಮ್ಮ ಸದಸ್ಯರ ಪತ್ನಿಯರ ಜೊತೆ ಊಟಕ್ಕೆ ಕೂತರೆ ಎಲ್ಲರಿಗೂ ಸಂತೋಷ. ತಂಡಕ್ಕೆ ಬದಲಿ ಆಟಗಾರನ ಹೆಸರು ತಿಳಿಸಿ.

ಸುದ್ದಿ ಆಫೀಸಿಗೆಲ್ಲ ಹಬ್ಬಿತು. ಎಲ್ಲರೂ ಒಂದೇ ಮಾತು ಹೇಳಿದರು: ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಲಿಗೋರಿಯೂ ಅದನ್ನೇ ಹೇಳಿದ. ತಾನು ಸುಳ್ಳು ಹೇಳಿದ್ದರೆ ಇವರಿಗೆಲ್ಲ ತಾನು ಒಳ್ಳೆಯವಳಾಗುತ್ತಿದ್ದೆ ಎಂದು ಕ್ಲೆಮೆಂಟಿನಾಗೆ ಸಿಟ್ಟು ನೆತ್ತಿಗೇರಿತು. ಅಂದು ಸಂಜೆ ಬಾಸಿಲ್ ಪಿಂಟೋ ಕೇಕಿನ ಡಬ್ಬಿ ಹಿಡಿದುಕೊಂಡು ಮನೆಗೇ ಬಂದ. ಸೋಫಾದಲ್ಲಿ ಕೂತು, ಪ್ಯಾಂಟಿನ ಗೆರೆ ಸರಿಮಾಡಿಕೊಂಡು, ಮಾತಿಗೆ ಬೆಣ್ಣೆ ಹಚ್ಚತೊಡಗಿದ.

"ನೋಡಿ ಕ್ಲೆಮೆಂಟಿನಾ ಬಾಯಿ, ನನಗೆಂತ ಆಸೆ ಇಲ್ಲ. ಆದ್ರೆ ನಾವು ಅವರ ಮನೆಗೆ ಹೋಗುವವರು. ಅವರ ಪದ್ಧತಿಗೆ ಬಗ್ಗಬೇಕು ಅಲ್ವಾ? ನಮ್ಮವರ ಮರ್ಯಾದೆಯ ಪ್ರಶ್ನೆ. ನೀವು ಬನ್ನಿ, ಊಟ ಮಾಡಿ, ಫೋಟೋ ತೆಗೆಯಿರಿ. ಆಟ ನಾವು ಆಡ್ತೇವೆ."

"ಬ್ಲೇಜರ್ ಚೆಂದ ಉಂಟಂತೆ ಬಾಸಿಲಣ್ಣ."

ಬಾಸಿಲ್ ಕೇಕಿನ ಡಬ್ಬಿಯನ್ನು ಮುಂದಕ್ಕೆ ಸರಿಸಿದ. "ಅದು ಬೇರೆ ಕಾರ್ಯಕ್ರಮಕ್ಕೆ ಹೊಲಿಸಿದ್ದು."

"ಹಾಗಾದ್ರೆ ಆ ಕಾರ್ಯಕ್ರಮಕ್ಕೇ ಹಾಕಿ. ನಾನು ಪಟ್ಟಿಯಲ್ಲಿ ನಾಲ್ಕನೆಯವಳು. ನೀವು ನನ್ನನ್ನು ಆಟದಲ್ಲಿ ಸೋಲಿಸಿದ್ರೆ ಈಗಲೇ ಬಿಟ್ಟುಕೊಡ್ತಿದ್ದೆ. ಸೋಲಿಸಿಲ್ಲ ಅಲ್ವಾ? ಕೇಕು ತಿನ್ನಿ."

ಅವನು ತಾನೇ ತಂದ ಕೇಕನ್ನು ತಾನೇ ತಿಂದು ಹೋದ. ಸಿರಿಲ್ ಅವನನ್ನು ಕೆಳಗಿನ ತನಕ ಬಿಟ್ಟು ಬಂದು, ಬಾಗಿಲು ಹಾಕಿ, ತಟ್ಟೆ ತೊಳೆದ.

ಮರುದಿನ ಬೆಳಿಗ್ಗೆ ಹಾರ್ಗ್ರೀವ್ಸ್ ಅವಳ ಮೇಜಿನ ಬಳಿಗೇ ಬಂದು, ಬಗ್ಗಿ, ಮೆಲ್ಲಗೆ ಮಾತಾಡಿದ. ಕೆಟ್ಟ ಮನುಷ್ಯನಲ್ಲ ಅವನು. ಆದರೆ ಒಳ್ಳೆಯವನಾಗಲು ಯಾರಾದರೂ ಹಿಂದಿನಿಂದ ದೂಡಬೇಕಾಗಿತ್ತು. ತನಗೆ ನಿಜಕ್ಕೂ ಬೇಸರವಾಗಿದೆ, ಆ ನಿಯಮ ತನ್ನ ಅಪ್ಪನ ಕಾಲದ್ದು, ಬೇರೆ ದಾರಿಯಿಲ್ಲ ಎಂದ. ಬದಲಿ ಆಟಗಾರ ಬಿ. ಪಿಂಟೋ ಎಂದು ಒಂದು ಸಾಲು ಟೆಲೆಕ್ಸ್ ಕಳಿಸಿಬಿಡು ಎಂದ.

ಕ್ಲೆಮೆಂಟಿನಾ ಎರಡೂ ಕೈಗಳನ್ನು ಯಂತ್ರದಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಈ ಒಂದು ಸಾಲನ್ನು ನಾನು ಕಳಿಸುವುದಿಲ್ಲ ಸರ್."

ಇಡೀ ಕೋಣೆಯ ಟೈಪಿಂಗ್ ನಿಂತಿತು. ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ಕಫೀಲನ, ಎಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬ ಮಾಲಿಕನ, ಒಂದು ಸಹಿ ಸಾಕು ವೀಸಾ ರದ್ದಾಗಲು, ಆಮೇಲೆ ಬೊಂಬಾಯಿಯ ವಿಮಾನ. ಅವಳಿಗೂ ಗೊತ್ತಿತ್ತು. ಮಕ್ಕಳ ಬೋರ್ಡಿಂಗು ಕಣ್ಣ ಮುಂದೆ ಬಂದು ಹೋಯಿತು. ಆದರೂ ಕೈ ಮಡಿಲಿನಿಂದ ಏಳಲಿಲ್ಲ. ತನ್ನ ಹೆಸರನ್ನು ತಾನೇ ಅಳಿಸಲು ಅವಳು ಅಲ್ಲಿ ಸಂಬಳಕ್ಕೆ ಕೂತಿರಲಿಲ್ಲ.

"ಇದು ನಿನ್ನ ಕೆಲಸ, ಕ್ಲೆಮೆಂಟಿನಾ," ಎಂದ ಹಾರ್ಗ್ರೀವ್ಸ್. ಅವನ ಕಿವಿ ಕೆಂಪಾಗಿತ್ತು.

"ಹೌದು ಸರ್. ಪಂಪಿನ ಟೆಲೆಕ್ಸ್ ಕೊಡಿ, ಈಗಲೇ ಕಳಿಸುತ್ತೇನೆ. ಇದನ್ನು ನೀವೇ ಬೇಕಾದರೆ ಕಳಿಸಿ, ಕುರ್ಚಿ ಬಿಟ್ಟುಕೊಡುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಮಾತು. ಅವರು ಹನ್ನೆರಡರ ಮೊದಲು ಹೆಂಗಸರು ಇಳಿಯಬಾರದು ಎಂದಿದ್ದಾರೆ. ಹನ್ನೆರಡರ ನಂತರ ಇಳಿಯಬಾರದು ಎಂದಿಲ್ಲ. ಮೂರು ಆಟ ಬೆಳಿಗ್ಗೆ ಆಗಲಿ. ನಾಲ್ಕನೆಯದು ಹನ್ನೆರಡು ಹೊಡೆದ ಮೇಲೆ ಆಗಲಿ. ನಿಯಮವೂ ಉಳಿಯುತ್ತದೆ, ನಾನೂ ಉಳಿಯುತ್ತೇನೆ."

"ಎದುರಾಳಿ ಅಲ್ಲಿಯವರೆಗೆ ಕಾಯಬೇಕಲ್ಲ. ಯಾರು ಕಾಯುತ್ತಾರೆ?"

"ಕೇಳದೆ ಹೇಗೆ ಗೊತ್ತಾಗುತ್ತದೆ ಸರ್? ಇಲ್ಲಿ ನಾವು ಆಡು ದಾಟುವ ತನಕ ಕಾಯುವುದಿಲ್ಲವೇ?"

ಯಾರೋ ಕಿಸಕ್ಕನೆ ನಕ್ಕರು. ಹಾರ್ಗ್ರೀವ್ಸ್ ಕಿಟಕಿಯ ಹೊರಗೆ ನೋಡಿದ, ಯಂತ್ರವನ್ನು ನೋಡಿದ. ಅದನ್ನು ಮುಟ್ಟಿ ಗೊತ್ತಿಲ್ಲದ ಕೈ ಅವನದು. ಕೊನೆಗೆ ಒಂದು ಕುರ್ಚಿ ಎಳೆದು ಕೂತು, ಬರೆದುಕೋ ಎಂದ. ಅವಳು ಹೇಳಿದ್ದನ್ನೇ ಅವನು ತನ್ನ ನಯದ ಇಂಗ್ಲಿಷಿನಲ್ಲಿ ಹೇಳಿದ, ಅವಳು ಬರೆದಳು. ಈ ಬಾರಿ ಉತ್ತರ ಬೇಗ ಬಂತು. ಅವರ ನಾಲ್ಕನೆಯವನು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಬೆಳಿಗ್ಗೆ ಬೇಗ ಏಳುವುದು ಅವನಿಗೆ ಕಷ್ಟವಂತೆ, ಹನ್ನೆರಡಕ್ಕೆ ಆಡಲು ಸಂತೋಷ.

ಜೂನಿನ ಆ ಶನಿವಾರ ವಿದರ್‌ಕೂಮಿನಲ್ಲಿ ಜಿನುಗು ಮಳೆ ಹನಿಯುತ್ತಿತ್ತು. ಹಾರ್ಗ್ರೀವ್ಸ್ ಹೇಳಿದ್ದು ಸುಳ್ಳಾಗಿರಲಿಲ್ಲ: ಓಕ್ ಮರಗಳು ಇದ್ದವು, ಕೊಳ ಇತ್ತು, ಹುಲ್ಲಿಗೆ ಕೊನೆಯೇ ಇರಲಿಲ್ಲ. ಇಷ್ಟು ಹಸಿರಿಗೆ ನೀರು ಬಿಡುವ ಒಬ್ಬ ಮನುಷ್ಯನೂ ಕಾಣಿಸುವುದಿಲ್ಲವಲ್ಲ ಎಂದು ಸಿರಿಲ್‌ಗೆ ಆಶ್ಚರ್ಯ. ಮೂವರು ಗಂಡಸರು ಆಡಲು ಹೋದರು. ಬ್ಲೇಜರ್ ತೊಟ್ಟ ಬಾಸಿಲ್ ಬದಲಿ ಆಟಗಾರನೆಂದು ಜೊತೆಗೆ ಬಂದಿದ್ದ. ಹನ್ನೆರಡರೊಳಗೆ ಅವಳಿಗೆ ಶೀತ ಹಿಡಿದರೆ ಇರಲಿ ಎಂದಿರಬೇಕು. ಸದಸ್ಯರ ಪತ್ನಿಯರು ಬಂದು, ಒಳಗೆ ಬೆಚ್ಚಗೆ ಕೂತುಕೊಳ್ಳಿ ಎಂದು ಎರಡು ಸಲ ಕರೆದರು. ಕ್ಲೆಮೆಂಟಿನಾ ಹೋಗಲಿಲ್ಲ. ಆಟ ಶುರುವಾಗುವ ಜಾಗದ ಪಕ್ಕದ ಬೆಂಚಿನಲ್ಲಿ ಎರಡು ಸ್ವೆಟರಿನ ಮೇಲೆ ಕೊಡೆ ಹಿಡಿದು, ಕಾಲ ಬಳಿ ಚೀಲ ಇಟ್ಟುಕೊಂಡು ಕೂತಳು. ಬಂದು ಹೋಗುವ ಗಂಡಸರೆಲ್ಲ ಅವಳಿಗೆ ಟೋಪಿ ಎತ್ತಿ ಹೋದರು. ಅವಳೂ ತಲೆಯಾಡಿಸಿದಳು. ನನ್ನ ಸರದಿಗೆ ಕೂತಿದ್ದೇನೆ, ನಿಮ್ಮ ಕರುಣೆಗಲ್ಲ ಎಂಬಂತೆ ಬೆನ್ನು ನೆಟ್ಟಗಿತ್ತು.

ಕ್ಲಬ್ಬಿನ ಗಡಿಯಾರ ಹನ್ನೆರಡು ಹೊಡೆಯಿತು. ಅವಳು ಎದ್ದು, ಹುಲ್ಲಿನ ಮೇಲೆ ಚೆಂಡಿಟ್ಟು, ಮಬೇಲಾದಲ್ಲಿ ಹೊಡೆದ ಹಾಗೆಯೇ ಹೊಡೆದಳು. ಚೆಂಡು ಎದ್ದು, ಎರಡು ಮರಗಳ ನಡುವೆ ಹೋಗಿ, ಶಬ್ದವೇ ಇಲ್ಲದೆ ಬಿತ್ತು. ಮರಳಿನಲ್ಲಿ ಬಿದ್ದ ಚೆಂಡು ಸದ್ದು ಮಾಡುತ್ತದೆ, ಇದು ಮಾಡಲಿಲ್ಲ. ಅವಳು ಸ್ವೆಟರಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. ಚೀಲದ ಗಾಡಿ ಎಳೆಯುತ್ತಿದ್ದ ಸಿರಿಲ್ ಅದನ್ನು ಕಂಡು, ಬೇಕೆಂದೇ ಬೇರೆ ಕಡೆ ನೋಡಿದ.

ಮೊದಲ ಕುಳಿ ಮುಗಿಸಿ ಅವಳು ಅಭ್ಯಾಸದಂತೆ ಅತ್ತಿತ್ತ ಪೊರಕೆ ಹುಡುಕಿದಳು. ಏನು ಕಳೆಯಿತು ಎಂದು ಡಾಕ್ಟರ್ ಕೇಳಿದ. ಗುಡಿಸುವುದು ಬೇಡವೇ ಎಂದಳು. ಅವನು ಇಲ್ಲಿಯವರೆಗೆ ಯಾರೂ ತನ್ನನ್ನು ಹಾಗೆ ಕೇಳಿಲ್ಲ ಎಂದು ಮನಸಾರೆ ನಕ್ಕ, ಅವಳೂ ನಕ್ಕಳು. ಆಮೇಲೆ ಇಬ್ಬರೂ ನಗು ಬಿಟ್ಟು ಹಲ್ಲು ಕಚ್ಚಿ ಆಡಿದರು. ಅವನು ಬಿಟ್ಟುಕೊಡುವ ಪೈಕಿಯಲ್ಲ, ಇವಳಂತೂ ಅಲ್ಲವೇ ಅಲ್ಲ. ಇನ್ನೊಂದೇ ಕುಳಿ ಬಾಕಿಯಿರುವಾಗ ಅವಳ ಚೆಂಡು ಕುಳಿಯ ಅಂಚನ್ನು ಸುತ್ತಿ ಹೊರಗೇ ನಿಂತಿತು. ಅಲ್ಲಿಗೆ ಅವನು ಎರಡು ಕುಳಿ ಮುಂದಾದ, ಅವಳು ಸೋತಳು.

ಚಹಾದ ಹೊತ್ತಿಗೆ ಎಲ್ಲರೂ ಊಟದ ಕೋಣೆಯಲ್ಲಿ ಸೇರಿದರು. ಗೋಡೆಯ ಕರಿಹಲಗೆಯಲ್ಲಿ ಬೆಳಗಿನ ಮೂರು ಆಟಗಳ ಫಲಿತಾಂಶ ಆಗಲೇ ಇತ್ತು. ಹಾರ್ಗ್ರೀ‌ವ್ಸ್ ಗೆದ್ದಿದ್ದ, ಲಿಗೋರಿ ಸೋತಿದ್ದ, ಇಂಜಿನಿಯರನದು ಸಮ. ಎರಡೂ ಕಡೆ ಸರಿಸಮ ನಿಂತಿತ್ತು. ಕ್ಲಬ್ಬಿನ ಕಾರ್ಯದರ್ಶಿ, ಬಿಳಿ ಮೀಸೆಯ ಸಭ್ಯ ಮುದುಕ, ಸೀಮೆಸುಣ್ಣ ಕೆಳಗಿಟ್ಟು ಎಲ್ಲರ ಕಡೆ ತಿರುಗಿದ.

"ಮಿಸೆಸ್ ಡಿಸಾ ಅವರ ಆಟ ನೋಡಿ ನಮಗೆಲ್ಲ ಬಹಳ ಸಂತೋಷವಾಯಿತು. ಅದನ್ನು ಸ್ನೇಹದ ಆಟವೆಂದು ಇಟ್ಟುಕೊಳ್ಳೋಣ. ಪಂದ್ಯ ಸಮಸಮ. ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲು ಶುರು ಮಾಡಿದವನು ಬಾಸಿಲ್. ಹಾರ್ಗ್ರೀವ್ಸ್‌ನ ಮುಖ ಅರಳಿತು.

ಕ್ಲೆಮೆಂಟಿನಾಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಬನ್ನಿ ಎಂದಾಗ, ಒಳಗೆ ಕೂತುಕೊಳ್ಳಿ ಎಂದಾಗ ಇಷ್ಟು ಉರಿದಿರಲಿಲ್ಲ. ತಾನು ಸೋತದ್ದು ಲೆಕ್ಕಕ್ಕಿಲ್ಲ ಎಂದರೆ ತಾನು ಆಡಿದ್ದೂ ಲೆಕ್ಕಕ್ಕಿಲ್ಲ. ಹಾಗಾದರೆ ಬೆಂಚಿನಲ್ಲಿ ಕಾದದ್ದು ಯಾರು? ಆ ಹುಲ್ಲಿನ ಮೇಲೆ ನಡೆದದ್ದು ಯಾರು? ಅವಳು ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತಳು.

"ಕ್ಷಮಿಸಿ. ನಾನು ಸೋತಿದ್ದೇನೆ. ಅದನ್ನು ಬರೆಯಿರಿ."

"ಅದರ ಅಗತ್ಯವಿಲ್ಲ, ಮೇಡಂ," ಎಂದ ಮುದುಕ, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ.

"ನನಗೆ ಅಗತ್ಯವಿದೆ. ನಾನು ಊಟಕ್ಕೆ ಬಂದ ಅತಿಥಿಯಲ್ಲ. ಈ ತಂಡದ ನಾಲ್ಕನೆಯ ಆಟಗಾರ್ತಿ. ನಿಮ್ಮ ನಿಯಮ ಮೀರಿಲ್ಲ, ಕಾದು ಆಡಿದ್ದೇನೆ. ನನ್ನ ಸೋಲನ್ನು ನನಗೆ ಕೊಡಿ."

ಬಾಸಿಲ್ ಅವಳ ಪಕ್ಕಕ್ಕೆ ಸರಿದು, ಮೆಲ್ಲಗೆ ಪಿಸುಗುಟ್ಟಿದ. "ಎಂತ ಮಾಡ್ತಾ ಇದ್ದೀರಿ ಬಾಯಿ? ಅವರೇ ಬಿಡ್ತಾ ಇದ್ದಾರೆ. ಬರೆದ್ರೆ ನಾವು ಸೋತ ಹಾಗೆ ಆಗ್ತದೆ."

"ಸೋತದ್ದೇ ಅಲ್ವಾ ಬಾಸಿಲಣ್ಣ?"

ಅವನು ಸಹಾಯಕ್ಕಾಗಿ ಸಿರಿಲ್‌ನ ಕಡೆ ನೋಡಿದ. ಸಿರಿಲ್ ಬ್ರೆಡ್ಡಿಗೆ ಜಾಮ್ ಹಚ್ಚುತ್ತಿದ್ದ.

"ನನ್ನನ್ನು ನೋಡಿ ಎಂತ ಪ್ರಯೋಜನ," ಎಂದ. "ಆಡಿದ್ದು ಅವಳು."

ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡ. ಈ ಹೆಂಗಸು ಹೇಳುವುದು ಸರಿ, ಆ ಗೆಲುವಿಗೆ ತಾನೂ ಸಾಕಷ್ಟು ಒದ್ದೆಯಾಗಿದ್ದೇನೆ, ಅದು ತನಗೂ ಬೇಕು ಎಂದ. ಮುದುಕ ಹಾರ್ಗ್ರೀವ್ಸ್‌ನನ್ನು ನೋಡಿದ. ಹಾರ್ಗ್ರೀವ್ಸ್ ಮೇಜನ್ನು ನೋಡಿ, ಆಮೇಲೆ ತಲೆಯೆತ್ತಿ, ಬರೆಯಿರಿ ಎಂದ.

ಮೂರು ಸಾಲುಗಳ ಕೆಳಗೆ ನಾಲ್ಕನೆಯ ಸಾಲು ಬಂತು. ಒಮಾನಿನ ತಂಡ ಒಂದು ಆಟದಿಂದ ಸೋತಿತು. ಕ್ಲೆಮೆಂಟಿನಾ ಅದನ್ನು ಪೂರ್ತಿ ಓದಿ, ಕೂತು, ತಣ್ಣಗಾದ ಚಹಾ ಕುಡಿದಳು.

ರೂವಿಗೆ ಮರಳಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಆಫೀಸಿನಲ್ಲಿ, ಮಬೇಲಾದ ನರ್ಸರಿಯಲ್ಲಿ ಎಲ್ಲರೂ ಕೇಳಿದರು, ಪಂದ್ಯ ಏನಾಯಿತು ಎಂದು. ಸೋತೆವು ಎನ್ನುತ್ತಿದ್ದ ಬಾಸಿಲ್, ಮುಖ ಸಪ್ಪೆ ಮಾಡಿಕೊಂಡು. ಯಾರಿಂದ ಎಂದು ಕೇಳಿದವರಿಗೆ ಅವನು ಬಾಯಿ ತೆರೆಯುವ ಮೊದಲೇ ಕ್ಲೆಮೆಂಟಿನಾ ಉತ್ತರ ಕೊಡುತ್ತಿದ್ದಳು.

"ನನ್ನಿಂದ."